ಎರೆ ಹೊಲದಲ್ಲಿ ದೊಡ್ಡ ಹಕ್ಕಿ ಕಂಡಿತು. ಎಲ್ಲಿ ದಾಖಲಿಸಬೇಕು, ಎಷ್ಟು ಹೇಳಬೇಕು?

ಹಗರಿ_ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಸಿರುಗುಪ್ಪ ಕಡೆಯವನು. ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ. ಇಲ್ಲಿ ಓದುವುದು ಹಳೇ ಅಭ್ಯಾಸ, ಬರೆಯುತ್ತಿರುವುದು ಇದೇ ಮೊದಲು.

ಮೊನ್ನೆ ಸಂಜೆ ಒಬ್ಬ ರೈತರ ಕಡಲೆ ಹೊಲಕ್ಕೆ ಹುಳ ಬಿದ್ದಿದೆ ಅಂತ ನೋಡಲು ಹೋಗಿದ್ದೆ. ವಾಪಸ್ ಬರುವಾಗ ಬದುವಿನ ಆಚೆ, ಈ ಸಲ ಬಿತ್ತದೇ ಬಿಟ್ಟ ಎರೆ ಹೊಲದಲ್ಲಿ, ಒಂದು ದೊಡ್ಡ ಹಕ್ಕಿ ನಡೆದು ಹೋಗುತ್ತಿತ್ತು. ಓಡಲಿಲ್ಲ, ಹಾರಲಿಲ್ಲ. ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು, ಮತ್ತೆ ನಾಲ್ಕು ಹೆಜ್ಜೆ. ಕತ್ತು ನೆಟ್ಟಗೆ, ಬೆಳ್ಳಗೆ ಇತ್ತು. ಬೆನ್ನು ಕಂದು. ಬೈಕ್ ನಿಲ್ಲಿಸಿ ಮೊಬೈಲ್ ತೆಗೆದು ಜೂಮ್ ಮಾಡುವಷ್ಟರಲ್ಲಿ ಹೊತ್ತು ಇಳಿದಿತ್ತು. ಬಂದಿರುವ ಫೋಟೊ ಕೆಳಗೆ ಹಾಕಿದ್ದೇನೆ, ನೋಡಿ ನಗಬೇಡಿ.

ಮನೆಯಲ್ಲಿ ಅಜ್ಜನಿಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ "ಎರೆಭೂತ ಇರಬೇಕಲೋ" ಅಂದ. ಚಿಕ್ಕವನಿದ್ದಾಗ ಜೋಳದ ಹೊಲದಲ್ಲಿ ನೋಡಿದ್ದನಂತೆ. ಅಂತರ್ಜಾಲದಲ್ಲಿ ಹುಡುಕಿದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತ ಬಂತು. ಅದೇ ಆದರೆ ದೊಡ್ಡ ವಿಷಯ ಅಲ್ವಾ?

ಆದರೆ ನಮ್ಮ ಮಾವ ಬೇರೆ ರಾಗ ತೆಗೆದಿದ್ದಾರೆ. "ಸುಮ್ನಿರಪಾ, ಫಾರೆಸ್ಟಿನವರಿಗೆ ಗೊತ್ತಾದ್ರ ನಾಳೆ ಹೊಲಕ್ಕ ಬೇಲಿ ಹಾಕ್ತಾರ, ಬೋರ್ ಹಾಕಸಾಕೂ ಬಿಡಂಗಿಲ್ಲ" ಅಂತ. ಆ ಹೊಲದವರು ನನ್ನ ಗಿರಾಕಿ ಬೇರೆ. ಅವರಿಗೆ ನನ್ನಿಂದ ತೊಂದರೆ ಆಗಬಾರದು.

ಇದು ಎರೆಭೂತವೇನಾ? ಹೌದಾದರೆ ಎಲ್ಲಿ ಬರೆಯಬೇಕು, ಯಾರಿಗೆ ಹೇಳಬೇಕು? ಇನ್ನೊಂದು, ನನ್ನ ಮೊಬೈಲಿನಲ್ಲಿ ನರಿ, ಚೇಳು, ಓತಿ, ಹೆಸರು ಗೊತ್ತಿಲ್ಲದ ಹುಳು ಇಂಥವೇ ತುಂಬಿವೆ. ಅವೆಲ್ಲ ಯಾರಿಗಾದರೂ ಉಪಯೋಗವಾ, ಇಲ್ಲ ಡಿಲೀಟ್ ಮಾಡಿ ಜಾಗ ಖಾಲಿ ಮಾಡಲಾ?

ಸಂಡೂರು_ಮಾಸ್ತರ್

ಮೊದಲು ಇದಕ್ಕೆ ಉತ್ತರ ಕೊಡಿ: ಈ ಫೋಟೊವನ್ನು ಊರಿನ ಯಾವ ಗ್ರೂಪಿಗೂ ಹಾಕಿಲ್ಲ ತಾನೇ? ಹಾಕಿಲ್ಲ ಅಂದರೆ ಹಾಗೇ ಇರಲಿ. ಊರಿನ ಹೆಸರು ಇಲ್ಲಿಯೂ ಬರೆಯಬೇಡಿ. ಸಿರುಗುಪ್ಪ ಕಡೆ ಅಂದಿರಲ್ಲ, ಅಷ್ಟು ಸಾಕು. ಆ ತಾಲ್ಲೂಕಿನ ಎರೆ ಹೊಲಗಳಲ್ಲಿ ಎರೆಭೂತ ಈ ಹಿಂದೆಯೂ ದಾಖಲಾಗಿದೆ, ಅದೇನು ಗುಟ್ಟಲ್ಲ. ಯಾವ ಹೊಲ, ಯಾವ ಹಳ್ಳ ಅನ್ನುವುದು ಗುಟ್ಟು.

ಈಗ ಹಕ್ಕಿಯ ವಿಷಯ. ಈ ಮಸುಕು ಫೋಟೊ ನೋಡಿ ಹೌದು ಅಂತ ಹೇಳಿದರೆ ನಾನು ಸುಳ್ಳುಗಾರ ಆಗುತ್ತೇನೆ. ಸಂಜೆ ಹೊತ್ತು ನಮ್ಮ ಕಡೆ ಹೊಲದಲ್ಲಿ ಕತ್ತು ಎತ್ತಿ ನಡೆಯುವ ದೊಡ್ಡ ಹಕ್ಕಿ ಅಂದರೆ ಹೆಚ್ಚಿನ ಸಲ ಅದು ಹೆಣ್ಣು ನವಿಲು. ಬೇಜಾರು ಮಾಡಿಕೊಳ್ಳಬೇಡಿ. ನವಿಲಾದರೆ ತಲೆ ಮೇಲೆ ಜುಟ್ಟು ಇರುತ್ತದೆ, ಕತ್ತಿನ ಕೆಳಭಾಗದಲ್ಲಿ ಹಸಿರು ಮಿಂಚು ಇರುತ್ತದೆ. ಬಿಳಿ ಕತ್ತಿನ ಕೊಕ್ಕರೆ ಕೂಡ ಹೊಲದಲ್ಲಿ ಇಳಿಯುತ್ತದೆ, ಅದಕ್ಕೂ ಕತ್ತು ಬೆಳ್ಳಗೆ, ತಲೆ ಕಪ್ಪು. ಆದರೆ ಕೊಕ್ಕು ನೋಡಿದ ಕೂಡಲೇ ಗೊತ್ತಾಗುತ್ತದೆ, ಉದ್ದ ಮತ್ತು ದಪ್ಪ. ಎರೆಭೂತದ ಕೊಕ್ಕು ಮೈಗೆ ಹೋಲಿಸಿದರೆ ಗಿಡ್ಡ. ನೆತ್ತಿ ಮೇಲೆ ಕಪ್ಪು ಟೋಪಿ, ಕತ್ತು ಉದ್ದಕ್ಕೂ ಬಿಳಿಚು, ಗಂಡಾದರೆ ಎದೆಗೆ ಕಪ್ಪು ಪಟ್ಟಿ. ನಿಂತರೆ ಸುಮಾರು 1 ಮೀಟರ್ ಎತ್ತರ. ಗಂಡು 15 ಕೆಜಿ ಹತ್ತಿರ ತೂಗಬಹುದು. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಪ್ರಪಂಚದಲ್ಲೇ ಕಡಿಮೆ.

ಹಾರಿದ್ದು ನೋಡಿದ್ದರೆ ಇನ್ನೂ ಸುಲಭ ಆಗುತ್ತಿತ್ತು. ನವಿಲು ದಡಬಡ ಸದ್ದು ಮಾಡಿಕೊಂಡು ಎದ್ದು ಸ್ವಲ್ಪ ದೂರದಲ್ಲೇ ಇಳಿಯುತ್ತದೆ. ಕೊಕ್ಕರೆ ರೆಕ್ಕೆ ಬಿಚ್ಚಿ ತೇಲುತ್ತದೆ. ಎರೆಭೂತ ಕತ್ತು ಮುಂದೆ ಚಾಚಿ ನಿಧಾನಕ್ಕೆ, ಒಂದೇ ಸಮ ರೆಕ್ಕೆ ಬಡಿಯುತ್ತಾ ತಗ್ಗಿನಲ್ಲೇ ದೂರ ಹೋಗುತ್ತದೆ.

ಇನ್ನೊಂದು ದಾರಿ ಇದೆ, ಇದು ನಿಮ್ಮ ಕೈಯಲ್ಲೇ ಇದೆ. ಅಲ್ಲಿ ಮಣ್ಣು ಸ್ವಲ್ಪ ಹಸಿ ಇದೆಯಾ? ಎರೆ ಮಣ್ಣು ಹಸಿಯಿದ್ದರೆ ಹೆಜ್ಜೆ ಅಂಗಡಿಯ ರಬ್ಬರ್ ಮೊಹರು ಒತ್ತಿದ ಹಾಗೆ ಕೂರುತ್ತದೆ. ಎರೆಭೂತಕ್ಕೆ ಹಿಂದಿನ ಬೆರಳು ಇಲ್ಲವೇ ಇಲ್ಲ. ಮುಂದೆ ಮೂರು, ಗಿಡ್ಡ, ದಪ್ಪ, ಅಷ್ಟೇ. ಕೊಕ್ಕರೆಗೆ ಹಿಂಬೆರಳು ಸ್ಪಷ್ಟವಾಗಿ ಬೀಳುತ್ತದೆ. ನವಿಲಿಗೂ ಹಿಂಬೆರಳು ಇದೆ, ಆದರೆ ಮೇಲೆ ಇರುವುದರಿಂದ ಒಮ್ಮೊಮ್ಮೆ ಬರೀ ಚುಕ್ಕಿ ಬೀಳುತ್ತದೆ, ಗಟ್ಟಿ ನೆಲದಲ್ಲಿ ಅದೂ ಬೀಳುವುದಿಲ್ಲ. ಹಾಗಾಗಿ ಒಂದು ಹೆಜ್ಜೆ ನೋಡಿ ತೀರ್ಮಾನ ಮಾಡಬೇಡಿ, ಸಾಲಾಗಿ ಬಿದ್ದಿರುವುದನ್ನು ನೋಡಿ. ಪಕ್ಕದಲ್ಲಿ ಒಂದು 5 ರೂಪಾಯಿ ನಾಣ್ಯ ಇಟ್ಟು ಮೇಲಿಂದ ನೇರವಾಗಿ ಫೋಟೊ ತೆಗೆಯಿರಿ. ಹೊಲದ ಮಾಲೀಕರ ಜೊತೆಗೇ ಹೋಗಿ, ಮಧ್ಯಾಹ್ನ ಹೋಗಿ, ಬೇಗ ಬನ್ನಿ. ಹಕ್ಕಿ ಕಂಡರೆ ಹತ್ತಿರ ಹೋಗಬೇಡಿ. ಮೊಟ್ಟೆ ಇಡುವುದು ಬರಿಯ ನೆಲದ ಮೇಲೆ, ಅದೂ ಸಾಮಾನ್ಯವಾಗಿ ಒಂದೇ ಒಂದು. ತಾಯಿ ಎದ್ದು ಹೋದರೆ ನಾಯಿ, ಕಾಗೆ ಕಾಯುತ್ತಾ ಇರುತ್ತವೆ.

ಯಾಕೆ ಇಷ್ಟು ಕೊರೆಯುತ್ತೇನೆ ಅಂದರೆ ಇಡೀ ದೇಶದಲ್ಲಿ ಬಯಲಿನಲ್ಲಿ ಸ್ವತಂತ್ರವಾಗಿ ಉಳಿದಿರುವುದು 150ರ ಒಳಗೆ ಅನ್ನುತ್ತಾರೆ, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ರಾಣೆಬೆನ್ನೂರಿನ ಬಯಲಲ್ಲಿ ಇತ್ತು, ಹೋಯಿತು. ಅಲ್ಲಿ ಹುಲ್ಲಿನ ಬಯಲು ತುಂಬಾ ನೀಲಗಿರಿ ನೆಟ್ಟರೆ ಬಯಲಿನ ಹಕ್ಕಿ ಎಲ್ಲಿ ಓಡಾಡಬೇಕು? ನಮ್ಮ ಪಕ್ಕದ ಕರ್ನೂಲು ಸೀಮೆಯ ರೋಳ್ಳಪಾಡಿನಲ್ಲಿ ಈ ಹಕ್ಕಿಗಾಗಿಯೇ 1988ರಲ್ಲಿ ಅಭಯಾರಣ್ಯ ಮಾಡಿದರು. ಅಲ್ಲೂ ಉಳಿಯಲಿಲ್ಲ.

ರಾಯಚೂರು_ದುರ್ಬೀನು

ಹಗರಿ ಅಣ್ಣ, ಆ ಫೋಟೊಗಳನ್ನು ದಯವಿಟ್ಟು ಡಿಲೀಟ್ ಮಾಡಬೇಡಿ. ಮಾಸ್ತರು ಹಕ್ಕಿಯ ವಿಷಯ ಹೇಳಿದರು, ನಾನು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಅದೇ ದೊಡ್ಡ ಪ್ರಶ್ನೆ.

ಒಂದು ಫೋಟೊ ದಾಖಲೆ ಆಗಬೇಕಾದರೆ ನಾಲ್ಕು ವಿಷಯ ಬೇಕು. ಏನು, ಎಲ್ಲಿ, ಯಾವಾಗ, ಯಾರು ನೋಡಿದ್ದು. ಮೊಬೈಲಿನಲ್ಲಿ ಲೊಕೇಶನ್ ಆನ್ ಇಟ್ಟು ತೆಗೆದಿದ್ದರೆ ಎಲ್ಲಿ, ಯಾವಾಗ ಅನ್ನುವುದು ಫೋಟೊದ ಒಳಗೇ ಕೂತಿರುತ್ತದೆ. ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಿದರೆ ಆ ಮಾಹಿತಿ ಹೋಗಿಬಿಡುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಇದು ಎರಡು ಕಡೆ ಕೊಯ್ಯುವ ಕತ್ತಿ. ದಾಖಲೆಗೆ ಮೂಲ ಫೋಟೊ ಬೇಕು. ಆದರೆ ಎರೆಭೂತದಂಥದ್ದನ್ನು ಗೊತ್ತಿಲ್ಲದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೊಲದ ವಿಳಾಸ ಕೊಟ್ಟ ಹಾಗೇ ಆಯಿತು.

ಓತಿ, ಚೇಳು, ನರಿ, ಹುಳು ಎಲ್ಲವನ್ನೂ ಕಂಡ ಜೀವಿಗಳ ಫೋಟೊ ದಾಖಲಿಸುವ ಆ್ಯಪ್ ಆದ ಐನ್ಯಾಚುರಲಿಸ್ಟ್‌ನಲ್ಲಿ ಹಾಕಿ. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಸುಮ್ನೆ "ಹಲ್ಲಿ" ಅಂತ ಹಾಕಿದರೂ ಯಾರೋ ಒಬ್ಬರು ಬಂದು ಮುಂದಕ್ಕೆ ತಳ್ಳುತ್ತಾರೆ. ಹೆಸರು ಸೂಚಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಒಂದೇ ಪ್ರಭೇದದ ಹೆಸರಿಗೆ ಒಪ್ಪಿದರೆ ಅದಕ್ಕೆ ಸಂಶೋಧನಾ ದರ್ಜೆ ಸಿಗುತ್ತದೆ. ಆಮೇಲೆ ಅದು ಜಾಗತಿಕ ದತ್ತಾಂಶ ಕೋಶಕ್ಕೂ ಹೋಗುತ್ತದೆ. ಹಕ್ಕಿಗಳಿಗೆ ಇಬರ್ಡ್ ಅನ್ನುವ, ಕಂಡ ಹಕ್ಕಿಗಳನ್ನು ಬರೆದಿಡುವ ಆ್ಯಪ್ ಚೆನ್ನಾಗಿದೆ. ಅಲ್ಲಿ ಒಂದೊಂದು ಹಕ್ಕಿ ಹಾಕುವುದಕ್ಕಿಂತ ಪಟ್ಟಿ ಮಾಡಿ. ಇಷ್ಟು ಹೊತ್ತಿಗೆ ಶುರು ಮಾಡಿದೆ, ಇಷ್ಟು ನಿಮಿಷ ನಿಂತೆ, ಗುರುತು ಸಿಕ್ಕ ಹಕ್ಕಿ ಎಲ್ಲವನ್ನೂ ಬರೆದಿದ್ದೇನೆ ಅಂತ. ಎಲ್ಲವನ್ನೂ ಅಂದರೆ ಕಾಗೆ, ಗೊರವಂಕ, ಬೆಳ್ಳಕ್ಕಿ ಸಮೇತ. ಆಗ ಆ ಪಟ್ಟಿಯಲ್ಲಿ ಯಾವುದು ಇಲ್ಲ ಅನ್ನುವುದೂ ಒಂದು ಮಾಹಿತಿ ಆಗುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ ನಮ್ಮ ಭಾಗದ ಜಿಲ್ಲೆಗಳ ನಕ್ಷೆ ತೆಗೆದು ನೋಡಿ. ಹಂಪಿ, ದರೋಜಿ ಕರಡಿಧಾಮದ ಸುತ್ತ ದಾಖಲೆಗಳ ಚುಕ್ಕಿ ಮೇಲೆ ಚುಕ್ಕಿ. ಮಾನ್ವಿ, ಸಿಂಧನೂರು, ದೇವದುರ್ಗದ ಕಡೆ ಬನ್ನಿ, ಬಯಲೋ ಬಯಲು. ಅಲ್ಲಿ ಪ್ರಾಣಿಗಳಿಲ್ಲ ಅಂತಲ್ಲ, ಬರೆಯುವವರಿಲ್ಲ. ಕೃಷ್ಣೆಯಲ್ಲಿ ಮೊಸಳೆ ಇವೆ ಅಂತ ರಾಯಚೂರಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಯಾವ ತಿಂಗಳು, ಯಾವ ಮಡು, ದೊಡ್ಡದೋ ಮರಿಯೋ ಅಂತ ಬರೆದಿಟ್ಟವರು ಎಷ್ಟು ಜನ? ನಾಳೆ ಒಂದು ಬಯಲಿನಲ್ಲಿ ಸೋಲಾರ್ ಹಾಕಬೇಕು, ಕ್ವಾರಿ ಮಾಡಬೇಕು ಅಂತ ಬಂದಾಗ ಕಡತದಲ್ಲಿ ಹುಡುಕುತ್ತಾರೆ, ಏನೂ ಸಿಗುವುದಿಲ್ಲ, "ಪಾಳು ಭೂಮಿ" ಅಂತ ಬರೆದು ಮುಗಿಸುತ್ತಾರೆ. ಅಪರೂಪದ್ದು ಸಿಕ್ಕಾಗ ಬರೆದರಾಯಿತು ಅಂತ ಕಾಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ದಿನಾ ಕಾಣುವ ಟಿಟ್ಟಿಭ ಹಕ್ಕಿಯನ್ನು ವರ್ಷಗಟ್ಟಲೆ ಬರೆದಿಟ್ಟರೆ ತಾನೇ ಅದು ಕಡಿಮೆ ಆದಾಗ ಗೊತ್ತಾಗುವುದು.

ಎರೆಭೂತದ ದಾಖಲೆ ಬೇರೆ. ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದಲ್ಲಿರುವ ಪ್ರಭೇದದ ಜಾಗವನ್ನು ತಾನಾಗಿಯೇ ಮಸುಕು ಮಾಡುತ್ತದೆ, ಒಂದೊಂದು ಕಡೆ ಸುಮಾರು 22 ಕಿಲೋಮೀಟರ್ ಇರುವ ಚೌಕದಲ್ಲಿ ಎಲ್ಲೋ ಒಂದು ಕಡೆ ಚುಕ್ಕಿ ಬೀಳುತ್ತದೆ. ಬೇಕಾದರೆ ನೀವೇ ಪ್ರೈವೇಟ್ ಅಂತ ಆರಿಸಬಹುದು. ಆದರೆ ಯಂತ್ರ ಚುಕ್ಕಿಯನ್ನು ಮಾತ್ರ ಮುಚ್ಚುತ್ತದೆ. ಫೋಟೊದ ಹಿಂದೆ ಗುಡಿ ಗೋಪುರವೋ ಗಾಳಿಯಂತ್ರವೋ ಕಂಡರೆ ಅದನ್ನು ಮುಚ್ಚುವುದಿಲ್ಲ. ನಿಮ್ಮ ಮಸುಕು ಫೋಟೊದಲ್ಲೂ ಎಡಗಡೆ ಒಂದು ಟವರ್ ಇದೆ ನೋಡಿ. ಮೊದಲು ಅದನ್ನು ಕತ್ತರಿಸಿ ಮತ್ತೆ ಹಾಕಿ.

ಹಗರಿ_ದಂಡೆ

ಕತ್ತರಿಸಿ ಹಾಕಿದೆ ಅಕ್ಕ. ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಆನೆಗೊಂದಿ_ಹುಡುಗ

ಮಾಸ್ತರೇ, ನಿಮ್ಮ ಮೇಲೆ ಗೌರವ ಇದೆ, ಆದರೆ ಈ ಗುಟ್ಟು ಮಾಡುವ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರ ನೋಡಿ. ಅಲ್ಲಿ ತೋಳ ಇದೆ ಅಂತ ಹೇಳುತ್ತಾ ಬಂದಿದ್ದಕ್ಕೆ, ಫೋಟೊ ಹೊರಗೆ ಬಂದಿದ್ದಕ್ಕೆ ತಾನೇ ಇವತ್ತು 332 ಹೆಕ್ಟೇರ್ ಜಾಗ ರಾಜ್ಯದ ಮೊದಲ ತೋಳಧಾಮ ಆಗಿರುವುದು? ಇಡೀ ದೇಶದಲ್ಲಿ ಅದಕ್ಕೆ ಮುಂಚೆ ಇದ್ದದ್ದು ಜಾರ್ಖಂಡಿನ ಮಹುವಾಡಾಂಡ್ ಒಂದೇ, ಅದೂ 1976ರದ್ದು. 2025ರಲ್ಲಿ ಬಂಕಾಪುರದಲ್ಲಿ ಒಂದು ತೋಳ ಎಂಟು ಮರಿ ಹಾಕಿತು ಅಂತ ಪೇಪರಿನಲ್ಲೆಲ್ಲ ಬಂತು. ಜನಕ್ಕೆ ಖುಷಿ ಆಯಿತೇ ಹೊರತು ಯಾರೂ ಕೋವಿ ಹಿಡಿದು ಹೋಗಲಿಲ್ಲ.

ತುಂಗಭದ್ರೆಯಲ್ಲಿ ನೀರುನಾಯಿ ಕತೆಯೂ ಅದೇ. ಮೀನು ಹಿಡಿಯುವವರಿಗೆ ಅದು ಮೊದಲಿಂದ ಗೊತ್ತಿತ್ತು, ಬಲೆ ಹರಿಯುತ್ತದೆ ಅಂತ ಬೈಯುತ್ತಿದ್ದರು. ದಾಖಲೆ ಆದ ಮೇಲೆ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಮಾಡಿದರು. ಅಂಕಸಮುದ್ರದ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಿತ ಪ್ರದೇಶ ಆಯಿತು, 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಹೋಯಿತು. ಎಲ್ಲರೂ ಗಪ್‌ಚುಪ್ ಇದ್ದಿದ್ದರೆ ಇದೆಲ್ಲ ಆಗುತ್ತಿತ್ತಾ? ನಮ್ಮ ಕಡೆ ಗುಡ್ಡದಲ್ಲಿ ಏನಿದೆ ಅಂತ ಗೊತ್ತಾಗುವ ಮುಂಚೆ ಗ್ರಾನೈಟ್ ಆಗಿ ಲಾರಿ ಹತ್ತಿ ಹೋಗಿರುತ್ತದೆ. ಹೇಳದೆ ಉಳಿಸಿದ್ದು ಯಾವುದು ಇದೆ ತೋರಿಸಿ.

ಸಂಡೂರು_ಮಾಸ್ತರ್

ತಮ್ಮಾ, ನೀನು ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಸರಿ ಇದೆ. ಆದರೆ ಮೂರೂ ಉದಾಹರಣೆ ಬೇರೆ ಥರದವು. ತೋಳ ಒಂದು ಸಲಕ್ಕೆ ಎಂಟು ಮರಿ ಹಾಕಿತು ಅಂತ ನೀನೇ ಹೇಳಿದೆ. ಎರೆಭೂತ ಒಂದು ಮೊಟ್ಟೆ. ನೀರುನಾಯಿ ಜನ ಬಂದರೆ ನೀರಿಗಿಳಿದು ಬಂಡೆ ಸಂದಿಗೆ ಹೋಗುತ್ತದೆ. ಕೊಕ್ಕರೆ ಮರದ ಮೇಲೆ ಗೂಡು ಕಟ್ಟುತ್ತದೆ, ನೀನು ಕೆರೆ ಏರಿ ಮೇಲೆ ನಿಂತು ನೋಡುತ್ತೀಯ. ಈ ಹಕ್ಕಿ ಬಟಾಬಯಲಲ್ಲಿ ನೆಲದ ಮೇಲೆ ಕೂತಿರುತ್ತದೆ. ನಾಲ್ಕು ಜೀಪು ಬಂದರೆ ಸಾಕು.

ಜೊತೆಗೆ ಹಕ್ಕಿ ಓಡಿಸಿದರೆ ಅದು ಎಲ್ಲಿಗೆ ಹೋಗುತ್ತದೆ ನೋಡು. ಅದಕ್ಕೆ ಎದುರಿಗೆ ಇರುವುದು ಸರಿಯಾಗಿ ಕಾಣುವುದಿಲ್ಲ, ಕಣ್ಣು ಎರಡೂ ಪಕ್ಕಕ್ಕೆ ಇವೆ. ಮೈ ಭಾರ, ತಟ್ಟನೆ ತಿರುಗಲು ಆಗುವುದಿಲ್ಲ. ರಾಜಸ್ಥಾನದಲ್ಲಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ ಅಂತ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 2021ರಲ್ಲಿ ತಂತಿಗಳನ್ನು ನೆಲದೊಳಗೆ ಹಾಕಿ ಅಂತ ಆದೇಶ ಬಂತು, 2024ರಲ್ಲಿ ಅದನ್ನು ಸಡಿಲ ಮಾಡಿದರು. ನಮ್ಮ ಬಯಲಿನಲ್ಲೂ ತಂತಿಗೇನು ಬರ ಇಲ್ಲ.

ಹೇಳಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಯಾರಿಗೆ ಹೇಳಬೇಕೋ ಅವರಿಗೆ ಹೇಳು, ಎಲ್ಲರಿಗೂ ಒಟ್ಟಿಗೆ ಹೇಳಬೇಡ. ಅರಣ್ಯ ಇಲಾಖೆಗೆ ಲಿಖಿತವಾಗಿ ಕೊಡಲಿ. ಈ ಹಕ್ಕಿ ಮೇಲೆ ಕೆಲಸ ಮಾಡುವ ಒಬ್ಬಿಬ್ಬರಿಗೆ ಪೂರ್ತಿ ಮಾಹಿತಿ ಕೊಡಲಿ. ಕಾಲ ಕಳೆದ ಮೇಲೆ, ಹಕ್ಕಿ ಜಾಗ ಬಿಟ್ಟ ಮೇಲೆ, ತಾಲ್ಲೂಕು ಹೆಸರು ಮಾತ್ರ ಹಾಕಿ ಪ್ರಕಟ ಮಾಡಲಿ. ದರೋಜಿಯಲ್ಲಿ ಕರಡಿಕಲ್ಲು ಗುಡ್ಡಕ್ಕೆ ಬೆಲ್ಲದ ಪಾಕ ಸವರಿಟ್ಟು ದೂರದ ಗೋಪುರದಿಂದ ಕರಡಿ ನೋಡುತ್ತೇವಲ್ಲ, ಅಲ್ಲಿ ಎಲ್ಲರಿಗೂ ಗೊತ್ತಿದ್ದರೂ ತೊಂದರೆ ಇಲ್ಲ, ಯಾಕೆಂದರೆ ಬೇಲಿ ಇದೆ, ಕಾವಲಿದೆ, 1994ರಿಂದ ಅಭಯಾರಣ್ಯ ಅಂತ ಹೆಸರಿದೆ. ಒಬ್ಬ ರೈತನ ಎರೆ ಹೊಲಕ್ಕೆ ಯಾರ ಕಾವಲು?

ಕುರಿಹಟ್ಟಿ

ನಾವು ಕುಷ್ಟಗಿ ಕಡೆ ಕುರಿ ಕಾಯುವವರು. ನಾನು ಈಗ ಪೇಟೆಯಲ್ಲಿ ಇದ್ದೇನೆ, ಅಪ್ಪ ಇನ್ನೂ ಹಟ್ಟಿಯಲ್ಲೇ ಇದ್ದಾನೆ. ತೋಳದ ಗವಿ ಎಲ್ಲಿದೆ, ಯಾವ ಹಳ್ಳದಲ್ಲಿ ಮರಿ ಆಡುತ್ತವೆ ಅಂತ ಅವನಿಗೆ ಗೊತ್ತು. ಯಾರಿಗೂ ಹೇಳುವುದಿಲ್ಲ. ಕುರಿ ಹೋದ ದಿನ ಹಟ್ಟಿಗೆ ಯಾರೂ ಬರುವುದಿಲ್ಲ, ತೋಳ ಕಂಡಿತು ಅಂದ ದಿನ ಉದ್ದನೆಯ ಕ್ಯಾಮೆರಾ ಹಿಡಿದುಕೊಂಡು ಕಾರಿನಲ್ಲಿ ಬರುತ್ತಾರೆ. ಗವಿ ಬಾಯಿಗೆ ಹೋಗಿ ಕೂತರೆ ತಾಯಿ ಮರಿ ಕಚ್ಚಿಕೊಂಡು ಬೇರೆ ಕಡೆ ಹೋಗುತ್ತದೆ. ಬೇರೆ ಕಡೆ ಅಂದರೆ ಇನ್ನೊಬ್ಬರ ಹಟ್ಟಿ ಹತ್ತಿರ.

ಹಗರಿ ಅವರ ಮಾವನ ಮಾತಿಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಬೇಲಿ ಹಾಕುತ್ತಾರಾ ಇಲ್ಲವಾ? ಅದನ್ನು ಹೇಳಿ ಮೊದಲು.

ರಾಯಚೂರು_ದುರ್ಬೀನು

ಸರಿಯಾದ ಪ್ರಶ್ನೆ. ಒಂದು ಹಕ್ಕಿ ಕಂಡಿತು ಅಂತ ಹೇಳಿದ ಮಾತ್ರಕ್ಕೆ ಖಾಸಗಿ ಹೊಲಕ್ಕೆ ಬೇಲಿ ಬೀಳುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇರೆ ಬೇರೆ ಬಗೆ ಇವೆ, ಜನ ಎಲ್ಲವನ್ನೂ ಅಭಯಾರಣ್ಯ ಅಂತಲೇ ಕರೆಯುತ್ತಾರೆ, ಅಲ್ಲೇ ಗೊಂದಲ ಆಗುವುದು. ಅಭಯಾರಣ್ಯ ಮಾಡಬೇಕಾದರೆ ಅಲ್ಲಿರುವವರ ಹಕ್ಕುಗಳ ವಿಚಾರಣೆ ಆಗಬೇಕು, ಅದು ದೊಡ್ಡ ಕೆಲಸ. 2002ರ ತಿದ್ದುಪಡಿಯಲ್ಲಿ ಇನ್ನೆರಡು ಸೇರಿಸಿದರು. ಒಂದು ಸಂರಕ್ಷಿತ ಮೀಸಲು, ಅದು ಸರ್ಕಾರಿ ಜಾಗದಲ್ಲಿ, ಸುತ್ತಲಿನ ಜನರ ಜೊತೆ ಮಾತಾಡಿ ಮಾಡುವುದು. ನೀರುನಾಯಿಗೆ, ಅಂಕಸಮುದ್ರಕ್ಕೆ ಮಾಡಿದ್ದು ಇದೇ. ಇನ್ನೊಂದು ಸಮುದಾಯ ಮೀಸಲು. ಅದು ಖಾಸಗಿ ಅಥವಾ ಊರಿನ ಜಾಗ, ಮಾಲೀಕರು ತಾವಾಗಿಯೇ ಮುಂದೆ ಬಂದರೆ ಮಾತ್ರ. ಮಂಡ್ಯದ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಆಯಿತು. ಊರಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ ಹಕ್ಕಿ, ಕೆಳಗೆ ಜನರ ಮನೆ. ಯಾರನ್ನೂ ಎಬ್ಬಿಸಿಲ್ಲ.

ಅಂದ ಮಾತ್ರಕ್ಕೆ ರೈತರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಅಭಯಾರಣ್ಯದ ಅಂಚಿನಲ್ಲಿ ಹೊಲ ಇರುವವರಿಗೆ ನಿಯಮಗಳ ಬಿಸಿ ತಟ್ಟುವುದು ನಿಜ. ಹಾಗಾಗಿ ಹಗರಿ ಅಣ್ಣ, ದೂರು ಕೊಟ್ಟ ಹಾಗೆ ಹೋಗಬೇಡಿ. ಹೊಲದ ಮಾಲೀಕರಿಗೆ ಮೊದಲು ಹೇಳಿ, ಅವರು ಒಪ್ಪಿದ ಮೇಲೆ ಮುಂದಿನ ಹೆಜ್ಜೆ ಇಡಿ. ಗೊತ್ತಿಲ್ಲದ ಹಾಗೆ ಮಾಡಿದರೆ ಹಕ್ಕಿಗೂ ಒಳ್ಳೆಯದಲ್ಲ, ನಿಮ್ಮ ಅಂಗಡಿಗೂ ಒಳ್ಳೆಯದಲ್ಲ.

ಕಲ್ಲಡಿ_ಜೀವ

ನಾನು ಕೊಪ್ಪಳದವಳು, ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಎಲ್ಲರೂ ಎರೆಭೂತದ ಹಿಂದೆ ಬಿದ್ದಿದ್ದೀರಿ, ನನಗೆ ಆ ಓತಿ ಫೋಟೊ ಬೇಕು! ಇದ್ದರೆ ಹಾಕಿ ಅಣ್ಣ.

ಯಾಕೆಂದರೆ ನಮ್ಮ ಒಣ ಬಯಲಿನಲ್ಲಿ ಹೊಸದಾಗಿ ಸಿಗುವುದಿದ್ದರೆ ಅದು ಕಲ್ಲಿನ ಕೆಳಗೇ ಸಿಗುವುದು. ಬಾಗಲಕೋಟೆ ಕಡೆಯಿಂದ 2018ರಲ್ಲಿ ನೆಲದ ಮೇಲೆ ಓಡಾಡುವ ಒಂದು ಹಲ್ಲಿಯನ್ನು ಹೊಸ ಪ್ರಭೇದ ಅಂತ ಪ್ರಕಟ ಮಾಡಿದರು, ಹೆಮಿಡಾಕ್ಟೈಲಸ್ ವಿಜಯರಾಘವನಿ ಅಂತ ಹೆಸರು. ಬೀಸಣಿಗೆ ಥರ ಕೊರಳು ಬಿಚ್ಚುವ ಓತಿಗಳನ್ನು ಎಲ್ಲರೂ ನೋಡಿರುತ್ತೀರಿ, ಬೇಸಿಗೆ ಬಿಸಿಲಿನಲ್ಲಿ ಗಂಡು ಕಲ್ಲಿನ ತುದಿಗೆ ಹತ್ತಿ ಕೂತು ನೀಲಿ, ಕಪ್ಪು, ಕಿತ್ತಳೆ ಬಣ್ಣದ ಕೊರಳು ಪಟಪಟ ಬಿಚ್ಚಿ ಮುಚ್ಚಿ ಮಾಡುತ್ತದೆ. ಅವುಗಳಲ್ಲಿ ಕೆಲವನ್ನು ಬೇರೆ ಮಾಡಿ ಸರಡಾ ಅನ್ನುವ ಹೊಸ ಕುಲವನ್ನೇ 2016ರಲ್ಲಿ ಮಾಡಿದರು. ಮಹಾರಾಷ್ಟ್ರ, ಉತ್ತರ ಕರ್ನಾಟಕದ ಬಯಲಿನವೇ ಅವು. ಅಷ್ಟು ಬಣ್ಣದ ಪ್ರಾಣಿ, ಕುರಿ ಕಾಯುವವರು ದಿನಾ ನೋಡುವ ಪ್ರಾಣಿ, ಅದರ ಲೆಕ್ಕ ಸರಿ ಮಾಡಲು 2016 ಆಯಿತು.

ಆದರೆ ಒಂದು ವಿಷಯ ಸ್ಪಷ್ಟ ಇರಲಿ. ಫೋಟೊ ಹಾಕಿ "ಹೊಸ ಪ್ರಭೇದ ಕಂಡುಹಿಡಿದೆ" ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಅನುಮತಿ ಪಡೆದು ಸಂಗ್ರಹಿಸಿದ ಮಾದರಿ ಬೇಕು, ಹುರುಪೆ ಎಣಿಸಬೇಕು, ಬೆರಳಿನ ಕೆಳಗಿನ ಪದರ ಎಣಿಸಬೇಕು, ಈಗ ಡಿಎನ್‌ಎ ಕೂಡ ನೋಡುತ್ತಾರೆ, ಹತ್ತಿರದ ಪ್ರಭೇದಗಳ ಹಳೆಯ ಮಾದರಿಗಳ ಜೊತೆ ಹೋಲಿಸಬೇಕು, ಮಾದರಿಯನ್ನು ಸಂಗ್ರಹಾಲಯಕ್ಕೆ ಕೊಡಬೇಕು, ಆಮೇಲೆ ವಿಜ್ಞಾನ ಪತ್ರಿಕೆಯಲ್ಲಿ ಬರಬೇಕು. ನಾವು ನೀವು ಹಿಡಿದು ಡಬ್ಬಿಯಲ್ಲಿ ಹಾಕಿಕೊಂಡು ಬಂದರೆ ಕೇಸು ಬೀಳಬಹುದು. ಆದರೆ ನೀವು ಹಾಕಿದ ಫೋಟೊ ನೋಡಿಯೇ ಎಷ್ಟೋ ಸಲ ತಜ್ಞರು "ಇದು ಎಲ್ಲಿಯದು?" ಅಂತ ಬೆನ್ನು ಹತ್ತುತ್ತಾರೆ. ಹಲ್ಲಿ ಆದರೆ ಮೇಲಿಂದ ಒಂದು, ಪಕ್ಕದಿಂದ ಒಂದು, ಸಾಧ್ಯವಾದರೆ ಬೆರಳು ಕಾಣುವ ಹಾಗೆ ಒಂದು ತೆಗೆಯಿರಿ. ಕೂತ ಜಾಗವೂ ಬರಲಿ, ಬಂಡೆಯಾ, ಮಣ್ಣಾ, ಗೋಡೆಯಾ ಅಂತ. ಕಲ್ಲು ಎತ್ತಿದರೆ ಹೇಗಿತ್ತೋ ಹಾಗೇ ಇಡಿ. ತಲೆಕೆಳಗೆ ಇಟ್ಟರೆ ಕೆಳಗಿನವುಗಳ ಮನೆ ಹೋಯಿತು. ಕೈಯಿಂದ ಎತ್ತಬೇಡಿ, ಕೋಲಿನಿಂದ ಎತ್ತಿ. ಕೆಳಗೆ ಇರುವುದು ಹಲ್ಲಿಯೇ ಆಗಬೇಕು ಅಂತೇನಿಲ್ಲ.

ಮಾಸ್ತರು ಹೆಜ್ಜೆ ವಿಷಯ ಹೇಳಿದ್ದಕ್ಕೆ ಇದು ನೆನಪಾಯಿತು. ಕಡಪದ ಜೆರ್ಡನ್ಸ್ ಕೋರ್ಸರ್ ಹಕ್ಕಿ 1848ರಲ್ಲಿ ದಾಖಲಾಗಿದ್ದು. 1900ರ ನಂತರ ಯಾರಿಗೂ ಕಾಣದೆ ಹೋಗಿತ್ತು, ಮುಗಿಯಿತು ಅಂತಲೇ ಅಂದುಕೊಂಡಿದ್ದರು. 1986ರಲ್ಲಿ ಮತ್ತೆ ಸಿಕ್ಕಿತು. ಸಿಕ್ಕಿದ್ದು ದುರ್ಬೀನು ಹಿಡಿದವರಿಗಲ್ಲ, ರಾತ್ರಿ ಟಾರ್ಚ್ ಹಿಡಿದು ಹಕ್ಕಿ ಹಿಡಿಯುವ ಸ್ಥಳೀಯರೊಬ್ಬರಿಗೆ. ಅದು ರಾತ್ರಿ ಓಡಾಡುವ ಹಕ್ಕಿ, ಉಳಿದವರು ಹಗಲು ಹುಡುಕುತ್ತಿದ್ದರು! ಆಮೇಲೆ ಸಂಶೋಧಕರು ಪೊದೆಗಳ ನಡುವೆ ನಯವಾದ ಮಣ್ಣನ್ನು ಪಟ್ಟಿ ಪಟ್ಟಿಯಾಗಿ ಹರಡಿ, ಬೆಳಗ್ಗೆ ಹೋಗಿ ಹೆಜ್ಜೆ ನೋಡುತ್ತಿದ್ದರು. ಹೆಜ್ಜೆ ಬಿದ್ದ ಕಡೆ ಕ್ಯಾಮೆರಾ ಕಟ್ಟುತ್ತಿದ್ದರು. ಕುರಿಹಟ್ಟಿ ಅಣ್ಣ, ನಿಮ್ಮ ಅಪ್ಪನಂಥವರ ಹತ್ತಿರ ಇಂಥದ್ದು ಎಷ್ಟು ಇರಬಹುದು ಅಂತ ಯೋಚನೆ ಮಾಡಿದರೆ ಹೊಟ್ಟೆ ಉರಿಯುತ್ತದೆ.

ಕುರಿಹಟ್ಟಿ

ಕೇಳಲು ಬರುವವರು ಒಂದು ದಿನ ಹಟ್ಟಿಯಲ್ಲಿ ಮಲಗಿ, ರೊಟ್ಟಿ ತಿಂದು ಕೇಳಿದರೆ ಹೇಳುತ್ತಾನೆ. ಬೈಕ್ ಆಫ್ ಮಾಡದೇ ಕೇಳುವವರಿಗೆ ಹೇಳುವುದಿಲ್ಲ.

ಹಗರಿ_ದಂಡೆ

ಎಲ್ಲರಿಗೂ ಧನ್ಯವಾದ. ಹೊಲದ ಮಾಲೀಕರಿಗೆ ಹೇಳಿದೆ. ಅವರಿಗೆ ನನಗಿಂತ ಜಾಸ್ತಿ ಗೊತ್ತಿತ್ತು! ಹೋದ ಸಲ ಜೋಳ ಇದ್ದಾಗಲೂ ಬಂದಿತ್ತಂತೆ, ಮಿಡತೆ ತಿನ್ನುತ್ತದೆ, ಇರಲಿ ಬಿಡು ಅಂತ ಸುಮ್ಮನಿದ್ದರಂತೆ. ಇಬ್ಬರೂ ಮಧ್ಯಾಹ್ನ ಹೋಗಿದ್ದೆವು. ಹಕ್ಕಿ ಇರಲಿಲ್ಲ. ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿತ್ತು, ಕಾಲುವೆ ನೀರು ಸೋರಿದ ಒಂದು ಕಡೆ ಮಾತ್ರ ಹೆಜ್ಜೆ ಇತ್ತು. ನಾಣ್ಯ ಇಟ್ಟು ತೆಗೆದ ಫೋಟೊಗಳನ್ನು ಮಾಸ್ತರಿಗೆ ಖಾಸಗಿಯಾಗಿ ಕಳಿಸಿದ್ದೇನೆ. ಮಾಲೀಕರು ಒಂದೇ ಮಾತು ಹೇಳಿದರು, ಫಾರೆಸ್ಟಿನವರಿಗೆ ನಾನೇ ಹೇಳುತ್ತೇನೆ, ನೀನು ಜೊತೆಗಿರು ಅಂತ.

ಇನ್ನೊಂದು ಸಂದೇಹ. ಅಂಗಡಿಗೆ ಸುತ್ತಲಿನ ಹಳ್ಳಿಗಳಿಂದ ರೈತರು ಬರುತ್ತಾರೆ. ಔಷಧಿ ಕೇಳುವಾಗ ಏನೇನು ಕಂಡಿತು ಅಂತ ಹೇಳುತ್ತಿರುತ್ತಾರೆ. ನರಿ ಮರಿ ಹಾಕಿದೆ, ಹಳ್ಳದಲ್ಲಿ ನೀರುನಾಯಿ ಥರ ಏನೋ ಇತ್ತು, ಚಿಪ್ಪುಹಂದಿ ಬಿಲ ತೋಡಿದೆ ಅಂತ. ಅದನ್ನೆಲ್ಲ ನಾನು ಆ್ಯಪ್‌ನಲ್ಲಿ ಹಾಕಬಹುದಾ?

ಸಂಡೂರು_ಮಾಸ್ತರ್

ಹೆಜ್ಜೆ ನೋಡಿದೆ. ಎರಡರಲ್ಲಿ ಹಿಂಬೆರಳು ಕಾಣುತ್ತಿಲ್ಲ, ಮೂರನೆಯದರ ಹಿಂಭಾಗ ಅಳಿಸಿದೆ. ಅಗಲ ಚೆನ್ನಾಗಿದೆ. ಆದರೂ ಬರೀ ಇದರ ಮೇಲೆ ನಾನು ಹೆಸರು ಬರೆಯುವುದಿಲ್ಲ. ನಿಮ್ಮ ಒಪ್ಪಿಗೆ ಇದ್ದರೆ ಈ ಹಕ್ಕಿ ಗೊತ್ತಿರುವವರಿಗೆ ಕಳಿಸುತ್ತೇನೆ. ಅವರು ಏನೇ ಹೇಳಿದರೂ ಅದರ ಬಗ್ಗೆ ಮುಂದಿನ ಮಾತು ಇಲ್ಲಿ ಬೇಡ, ಫೋನಿನಲ್ಲಿ ಆಡೋಣ.

ರೈತರು ಹೇಳಿದ್ದನ್ನು ನೀವು ನೋಡಿದ ಹಾಗೆ ಆ್ಯಪ್‌ನಲ್ಲಿ ಹಾಕಬೇಡಿ. ಬೇರೆ ನೋಟ್‌ಬುಕ್ ಇಡಿ. ಯಾರು ಹೇಳಿದ್ದು, ಯಾವ ದಿನ ಕಂಡಿದ್ದು, ಅವರು ಬಳಸಿದ ಹೆಸರು ಯಾವುದು, ಎಲ್ಲ ಅವರ ಮಾತಿನಲ್ಲೇ ಬರೆಯಿರಿ. ಚಿಪ್ಪುಹಂದಿ ಬಿಲದ ಜಾಗ ಮಾತ್ರ ಆ ಪುಸ್ತಕದಲ್ಲೂ ಪೂರ್ತಿ ಬರೆಯಬೇಡಿ, ಅದನ್ನು ಹಿಡಿದು ಮಾರುವವರಿದ್ದಾರೆ, ಅಂಗಡಿ ಟೇಬಲ್ ಮೇಲೆ ಪುಸ್ತಕ ಬಿದ್ದಿರುತ್ತದೆ.

ರಾಯಚೂರು_ದುರ್ಬೀನು

ಮತ್ತೆ ಆ ರೈತರಲ್ಲಿ ಆಸಕ್ತಿ ಇರುವವರಿಗೆ ಫೋಟೊ ತೆಗೆಯಲು ಹೇಳಿ. ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಬರುತ್ತದೆ, 15 ನಿಮಿಷ ನಿಂತು ಕಂಡ ಹಕ್ಕಿ ಎಣಿಸಿದರೆ ಸಾಕು. ಅಂಗಡಿ ಮುಂದೆಯೇ ನಿಂತು ಮಾಡಬಹುದು. ಸಿರುಗುಪ್ಪ ಕಡೆಯಿಂದ ಗುಬ್ಬಿ, ಗೊರವಂಕದ ಪಟ್ಟಿ ಬಂದರೂ ನನಗೆ ಹಬ್ಬ. ಪಟ್ಟಿ ಹಾಕಲು ಬರದಿದ್ದರೆ ಹೇಳಿ, ಕೂತು ಕಲಿಸುತ್ತೇನೆ.

ಕಲ್ಲಡಿ_ಜೀವ

ಓತಿ ಫೋಟೊ ಇನ್ನೂ ಬಂದಿಲ್ಲ ಅಣ್ಣ.